ಚೊಗರು ಹಿಡಿದ ಬೆರಳು

“ಥಂಬ್ ಬರ್ತಾ ಇಲ್ಲ ಅಜ್ಜಿ, ಇನ್ನೊಂದು ಬೆರಳು ಕೊಡಿ.”

ಹೆಬ್ಬೆರಳಿಂದ ಶುರುವಾಗಿ ಕಿರುಬೆರಳ ತನಕ ಎರಡೂ ಕೈ ಮುಗಿಯಿತು. ಸ್ಕ್ರೀನಿನಲ್ಲಿ ಅದೇ ಕೆಂಪು ಅಕ್ಷರ. ಅಜ್ಜಿ ಬಂದಿದ್ದು ಆಯುಷ್ಮಾನ್ ಕಾರ್ಡ್ ಮಾಡಿಸೋಕೆ, ಆಸ್ಪತ್ರೆ ಖರ್ಚಿಗೆ ಆಗುವ ಸರ್ಕಾರಿ ಕಾರ್ಡ್. ಅಡಿಕೆ ಸುಗ್ಗಿಯ ಕಾಲ. ಅಜ್ಜಿ ಒಂದು ತಿಂಗಳಿಂದ ದಿನಾ ರಾತ್ರಿ ಹತ್ತರ ತನಕ ಕೂತು ಹಸಿ ಅಡಿಕೆ ಸುಲಿದವರು. ಬೆರಳ ತುದಿಯೆಲ್ಲ ಅಡಿಕೆಯ ಒಗರು ರಸ, ಚೊಗರು ಕುಡಿದು ಕಪ್ಪಾಗಿತ್ತು. ಕತ್ತಿ ತಾಗಿದ ಗಾಯಗಳು ಒಣಗಿ ಸೀಳು ಬಿಟ್ಟಿದ್ದವು. ಗೆರೆ ಅನ್ನೋದೇ ಕಾಣುತ್ತಿರಲಿಲ್ಲ. ಅಜ್ಜಿ ತಮ್ಮ ಕೈಯನ್ನು ತಾವೇ ತಿರುಗಿಸಿ ನೋಡಿಕೊಂಡರು.

“ಹಂಗಾರೆ ನಾನು ನಾನಲ್ಲ ಅಂತ ಹೇಳ್ತದಾ ಈ ಮಷಿನ್ನು?”

ಸಾಗರ ತಾಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದ ಒಂದು ಊರಲ್ಲಿ ನಾನು ಗ್ರಾಮ ಒನ್ ಕೇಂದ್ರ ನಡೆಸುತ್ತೇನೆ. 2022ರಲ್ಲಿ ಶುರು ಮಾಡಿದ್ದು. ಪಹಣಿ, ಜಾತಿ-ಆದಾಯ ಸರ್ಟಿಫಿಕೇಟ್, ಪಿಂಚಣಿ ಅರ್ಜಿ, ದಿನವಿಡೀ ಇದೇ ಕೆಲಸ. ಆಯುಷ್ಮಾನ್ ಕಾರ್ಡನ್ನೂ ಮೊದಲು ಇವುಗಳ ಜೊತೆಗೆ ಇನ್ನೊಂದು ಅರ್ಜಿ ಅಂತಲೇ ಅಂದುಕೊಂಡಿದ್ದೆ. ಬಂದವರಿಗೆ ಮಾಡಿಕೊಡುತ್ತಿದ್ದೆ, ಬರದವರ ಬಗ್ಗೆ ಯೋಚನೆ ಮಾಡಿರಲಿಲ್ಲ.

ಯೋಚನೆ ಹಚ್ಚಿದ್ದು ನಮ್ಮೂರಿನ ಆಶಾ ಕಾರ್ಯಕರ್ತೆ. ಸಂಬಂಧದಲ್ಲಿ ನನಗೆ ಅತ್ತಿಗೆ ಆಗಬೇಕು. “ನೀನು ಇಲ್ಲಿ ಕೂತ್ಕೊಂಡ್ರೆ ಸ್ಕೂಟಿ ಇದ್ದವ್ರು ಮಾತ್ರ ಬರ್ತಾರೆ ಮಾರಾಯ್ತಿ. ಆಸ್ಪತ್ರೆ ಖರ್ಚಿಗೆ ದನ ಮಾರಿದವ್ರು ಬರಲ್ಲ” ಅಂದಳು. ಅವಳ ಕೈಲಿ ಮನೆ ಮನೆಯ ಲೆಕ್ಕದ ಪುಸ್ತಕ ಇತ್ತು. ಯಾರಿಗೆ ಶುಗರ್, ಯಾರಿಗೆ ಬಿಪಿ, ಯಾರ ಮನೆಯಲ್ಲಿ ಬಸುರಿ, ಎಲ್ಲ ಅದರಲ್ಲಿತ್ತು. ಆ ಪುಸ್ತಕದ ಪಕ್ಕದಲ್ಲಿ ಕಾರ್ಡ್ ಇದೆಯಾ ಇಲ್ಲವಾ ಅಂತ ಟಿಕ್ ಹಾಕುತ್ತಾ ಹೋದೆವು. ಟಿಕ್‌ಗಿಂತ ಖಾಲಿ ಜಾಗವೇ ಜಾಸ್ತಿ ಇತ್ತು.

ನಮ್ಮ ಕಡೆಯವರಿಗೆ ಆಸ್ಪತ್ರೆ ಖರ್ಚಿನ ಭಯ ಹೊಸದಲ್ಲ. 2019ರಲ್ಲಿ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಬಂದಾಗ ಎಷ್ಟೋ ಮನೆಯವರು ಮಣಿಪಾಲ ನೋಡಿದರು. ಆಗ ಹಿನ್ನೀರಿಗೆ ಸೇತುವೆಯೂ ಇರಲಿಲ್ಲ. ಅದು ಆಗಿದ್ದು 2025ರ ಜುಲೈನಲ್ಲಿ. ಅಲ್ಲಿಯ ತನಕ ನಮಗೆ ಲಾಂಚೇ ಗತಿ. ಕತ್ತಲಾದ ಮೇಲೆ ಅದೂ ಇರುತ್ತಿರಲಿಲ್ಲ, ನೂರು ಕಿಲೋಮೀಟರ್ ಹತ್ತಿರ ಸುತ್ತು ಹಾಕಿಕೊಂಡು ಹೋಗಬೇಕಿತ್ತು. ಇಂಥ ಊರಿನವರು ಬಾಡಿಗೆ ಕಾರು ಹತ್ತುವಾಗಲೇ ಯಾರ ಹತ್ತಿರ ಸಾಲ ಕೇಳೋದು ಅಂತ ಲೆಕ್ಕ ಹಾಕುತ್ತಾರೆ.

ಹಾಗಾಗಿ ನಾನು ಮೊದಮೊದಲು ಹೋದ ಕಡೆಯೆಲ್ಲ ಒಂದೇ ಮಾತು ಹೇಳುತ್ತಿದ್ದೆ: “ಐದು ಲಕ್ಷದ ತನಕ ಫ್ರೀ.” ಅದೇ ನಾನು ಮಾಡಿದ ದೊಡ್ಡ ತಪ್ಪು.

ಸುಳ್ಳೇನಲ್ಲ. ರಾಜ್ಯದಲ್ಲಿ 2018ರಿಂದ ಇರುವ ಯೋಜನೆ ಇದು. ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಎರಡೂ ಸೇರಿದ್ದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಕಂತು ಕಟ್ಟಬೇಕಾಗಿಲ್ಲ. ಹಳೇ ಕಾಯಿಲೆ ಇದ್ದರೂ ಅಡ್ಡಿಯಿಲ್ಲ. ಆದರೆ ಆ 5 ಲಕ್ಷ ತಲೆಗೆ ಅಲ್ಲ, ಇಡೀ ಮನೆಗೆ. ಯಾವ ಆಸ್ಪತ್ರೆಗೆ ಬೇಕಾದರೂ ಹೋಗೋಕಾಗಲ್ಲ, ಯೋಜನೆಯ ಪಟ್ಟಿಯಲ್ಲಿ ಇರಬೇಕು. ಅಡ್ಮಿಟ್ ಆದರೆ ಮಾತ್ರ, ಹೊರಗಿಂದ ತೋರಿಸಿಕೊಂಡು ಬರೋದಕ್ಕೆ, ಮಾತ್ರೆಗೆ ಇದು ನಡೆಯಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರು ರೆಫರಲ್ ಚೀಟಿ ಕೊಟ್ಟರೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಜೀವಕ್ಕೆ ಅಪಾಯ ಇರುವಂಥ ತುರ್ತು ಆದರೆ ಮಾತ್ರ ಚೀಟಿ ಬೇಡ.

ಇಷ್ಟೆಲ್ಲ ಹೇಳೋದು ಬಿಟ್ಟು ಫ್ರೀ ಅಂದೆ. ಒಂದು ಮನೆಯ ಯಜಮಾನರು ಹರ್ನಿಯಾ ಆಪರೇಷನ್‌ಗೆ ಸೀದಾ ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಜೇಬಲ್ಲಿ ನಾನು ಮಾಡಿಕೊಟ್ಟ ಕಾರ್ಡ್. ಅದು ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆ. ಅಡ್ಮಿಟ್ ಮಾಡಿಕೊಂಡ ಮೇಲೆ ಕಾರ್ಡ್ ನಡೆಯಲ್ಲ ಅಂದರಂತೆ. ಹೊಟ್ಟೆನೋವಲ್ಲಿ ಇನ್ನೆಲ್ಲಿಗೆ ಹೋಗೋದು, ಸೊಸೈಟಿಯಲ್ಲಿ ಅಡಿಕೆ ಮೇಲೆ ಸಾಲ ತೆಗೆದು ಕಟ್ಟಿದರು. ಹದಿನೈದು ದಿನ ಬಿಟ್ಟು ಬಿಲ್ಲಿನ ಕಟ್ಟು ಹಿಡಿದುಕೊಂಡು ನನ್ನ ಕೇಂದ್ರಕ್ಕೆ ಬಂದರು, ವಾಪಸ್ ಬರುತ್ತಾ ಅಂತ ಕೇಳೋಕೆ. ಕಟ್ಟಿದ ದುಡ್ಡು ಈ ಯೋಜನೆಯಲ್ಲಿ ಹಾಗೆ ವಾಪಸ್ ಬರಲ್ಲ. ಅವರು ಬೈಯಲಿಲ್ಲ. “ಇರ್ಲಿ ಬಿಡು ತಂಗಿ” ಅಂದು ಬಿಲ್ಲು ಮಡಚಿ ಇಟ್ಟುಕೊಂಡರು. ಬೈದಿದ್ದರೆ ಎಷ್ಟೋ ಹಗುರ ಆಗುತ್ತಿತ್ತು.

ಅವತ್ತು ರಾತ್ರಿ ಕೂತು ಒಂದು ಚೀಟಿ ಟೈಪ್ ಮಾಡಿದೆ. ದಪ್ಪ ಅಕ್ಷರ, ನಾಲ್ಕೇ ಸಾಲು:

ಮೊದಲು ಸರ್ಕಾರಿ ಆಸ್ಪತ್ರೆ.
ರೆಫರಲ್ ಚೀಟಿ ಕೇಳಿ ತಗೊಳ್ಳಿ.
ಅಡ್ಮಿಟ್ ಆಗುವ ಮೊದಲೇ ‘ಆರೋಗ್ಯ ಮಿತ್ರ’ ಎಲ್ಲಿದ್ದಾರೆ ಕೇಳಿ, ಕಾರ್ಡ್ ತೋರಿಸಿ.
ದುಡ್ಡು ಕಟ್ಟುವ ಮೊದಲು ನನಗೆ ಫೋನ್ ಮಾಡಿ.

ಕೆಳಗೆ ನನ್ನ ನಂಬರ್. ಇದನ್ನು ಕಾರ್ಡಿನ ಪ್ಲಾಸ್ಟಿಕ್ ಕವರ್ ಒಳಗೆ, ಕಾರ್ಡಿನ ಬೆನ್ನಿಗೆ ತುರುಕಿ ಕೊಡೋದು. ಓದೋಕೆ ಬರದವರ ಮನೆಯಲ್ಲಿ ಶಾಲೆಗೆ ಹೋಗುವ ಮಗುವನ್ನು ಕರೆದು ಅದರಿಂದಲೇ ಜೋರಾಗಿ ಓದಿಸುತ್ತೇನೆ. ಯೋಜನೆಯ ಆಸ್ಪತ್ರೆಗಳಲ್ಲಿ ಕಾರ್ಡಿನವರಿಗೆ ದಾರಿ ತೋರಿಸೋಕೆ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ ಅನ್ನೋದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಕಾರ್ಡನ್ನು ಬಿಲ್ ಕಟ್ಟುವಾಗ ತೋರಿಸೋದು ಅಂದುಕೊಂಡಿದ್ದರು, ರೇಷನ್ ಅಂಗಡಿಯಲ್ಲಿ ತೋರಿಸಿದ ಹಾಗೆ.

ಇನ್ನು ಕಾರ್ಡ್ ಮಾಡಿಸುವ ಕಷ್ಟ. ಎಲ್ಲ ಸರಿ ಇದ್ದರೆ ಐದು ನಿಮಿಷದ ಕೆಲಸ. ರೇಷನ್ ಕಾರ್ಡ್, ಆಧಾರ್, ಒಂದು ಫೋಟೋ, ಅಷ್ಟೆ. ಎಲ್ಲ ಸರಿ ಇರೋದೇ ಅಪರೂಪ.

ಒಟಿಪಿ ತಗೊಳ್ಳಿ. ಆಧಾರ್‌ಗೆ ಲಿಂಕ್ ಆದ ನಂಬರ್ ಬೆಂಗಳೂರಿನಲ್ಲಿರೋ ಮಗನದು. ಮಗ ಫ್ಯಾಕ್ಟರಿ ಒಳಗೆ, ಫೋನ್ ಲಾಕರ್ ಒಳಗೆ. ಅಪ್ಪ ಅಮ್ಮ ನನ್ನ ಎದುರು ಬೆಂಚಿನ ಮೇಲೆ. ಅಂಥ ಮನೆಗಳ ಹೆಸರನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮಗನ ಶಿಫ್ಟ್ ಮುಗಿಯೋ ಹೊತ್ತು ಕೇಳಿಕೊಂಡು, ರಾತ್ರಿ ಒಂಬತ್ತಕ್ಕೆ ಫೋನ್ ಹಚ್ಚುತ್ತಿದ್ದೆ. ಅದರಲ್ಲೂ ಒಬ್ಬ ಹುಡುಗ ಖಡಾಖಂಡಿತವಾಗಿ ಒಟಿಪಿ ಹೇಳಲ್ಲ ಅಂದ. “ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರೇ ಮೆಸೇಜ್ ಹಾಕ್ತಾರೆ, ನೀವು ಯಾರು ಕೇಳೋಕೆ?” ಅವನು ಹೇಳಿದ್ದು ಸರಿ ಅಲ್ವಾ? ಅವನ ಅಮ್ಮನ ಕೈಗೆ ಫೋನ್ ಕೊಟ್ಟೆ. ಅಮ್ಮ ಮಲೆನಾಡಿನ ಭಾಷೆಯಲ್ಲಿ ಎರಡು ಮಾತು ಹೇಳಿದ ಮೇಲೆ ಆರೂ ಅಂಕಿ ಬಂದವು.

ಹೆಸರಿನ ಗೋಳು ಬೇರೆ. ಆಧಾರ್‌ನಲ್ಲಿ ಗೌರಮ್ಮ, ರೇಷನ್ ಕಾರ್ಡಿನಲ್ಲಿ ಗೌರಿ ಕೋಂ ಅಂತ ಮುಂದೆ ಗಂಡನ ಹೆಸರು. ಎರಡೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಪೋರ್ಟಲ್‌ಗೆ ಗೊತ್ತಿಲ್ಲ. ಹೆಸರು, ವಯಸ್ಸು ಎಷ್ಟು ಹೊಂದುತ್ತದೆ ಅಂತ ಅದು ಅಂಕ ಕೊಡುತ್ತದೆ. ಅಂಕ ಕಮ್ಮಿ ಬಿದ್ದರೆ ಕಾರ್ಡ್ ತಕ್ಷಣ ಬರಲ್ಲ, ಮೇಲಿನವರು ನೋಡಿ ಒಪ್ಪಬೇಕು. ವಯಸ್ಸಂತೂ ಕೇಳಬೇಡಿ. ಆಧಾರ್ ನೋಡಿದರೆ ನಮ್ಮೂರಲ್ಲಿ ಅರವತ್ತು ದಾಟಿದವರು ಮುಕ್ಕಾಲು ಪಾಲು ಜನವರಿ 1ಕ್ಕೇ ಹುಟ್ಟಿದ್ದಾರೆ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಸೊಸೆಯಂದಿರು. ಮದುವೆಯಾಗಿ ನಾಲ್ಕೈದು ವರ್ಷ ಆಗಿರುತ್ತದೆ. ಗಂಡನ ಮನೆಯ ರೇಷನ್ ಕಾರ್ಡಿಗೆ ಹೆಸರು ಸೇರಿರಲ್ಲ. ತಿದ್ದುಪಡಿಗೆ ಅವಕಾಶ ಕೊಡೋದೇ ಆಗೊಮ್ಮೆ ಈಗೊಮ್ಮೆ, ಕೊಟ್ಟ ದಿನ ಸರ್ವರ್ ಏಳಲ್ಲ. ಅಷ್ಟರಲ್ಲಿ ಎರಡನೇ ಹೆರಿಗೆಯೂ ಆಗಿರುತ್ತದೆ. ಮನೆಯಲ್ಲಿ ಮಾವನಿಗೆ ಕಾರ್ಡ್, ಅತ್ತೆಗೆ ಕಾರ್ಡ್, ಗಂಡನಿಗೆ ಕಾರ್ಡ್, ಇವಳಿಗಿಲ್ಲ. ಸೇರಿಸಿಯೇ ಮಾಡೋಣ ಅಂತ ನಾನೂ ಬಹಳ ದಿನ ಕಾಯಿಸಿದೆ. ಆಮೇಲೆ ಹೊಳೆಯಿತು. ತವರುಮನೆಯ ಬಿಪಿಎಲ್ ಕಾರ್ಡಿನಲ್ಲಿ ಅವಳ ಹೆಸರು ಇನ್ನೂ ಇದೆ. ಆ ನಂಬರ್ ಹಾಕಿದರೆ ಅವಳಿಗೂ ಕಾರ್ಡ್ ಬರುತ್ತದೆ. ಹೆಸರು ಎಲ್ಲೋ ಒಂದು ಕಡೆ ಇದ್ದರೆ ಸಾಕು. ತವರಿಗೆ ಫೋನ್ ಮಾಡಿ ರೇಷನ್ ಕಾರ್ಡಿನ ಫೋಟೋ ವಾಟ್ಸಾಪ್‌ಗೆ ಹಾಕಿಸಿಕೊಳ್ಳೋದು, ಮುಗಿಯಿತು. ಇದಕ್ಕೆ ಒಂದಿಬ್ಬರು ಅತ್ತೆಯರು ಮುಖ ಊದಿಸಿಕೊಂಡರು, “ನಮ್ಮನೆ ಸೊಸೆಗೆ ತವರಿನ ಕಾರ್ಡಾ?” ಅಂತ. ಸೇರಿಸೋಕೆ ಅವಕಾಶ ಬಂದಾಗ ಸೇರಿಸೋಣ, ಅಲ್ಲಿ ತನಕ ಇದು ಇರಲಿ ಅಂದೆ. ಹೊಸದಾಗಿ ಈ ಕೆಲಸ ಮಾಡುವವರು ಮೊದಲು ಸೊಸೆಯಂದಿರ ಪಟ್ಟಿ ಮಾಡಿಕೊಳ್ಳಿ. ಅವರು ತಾವಾಗಿ ಬಂದು ಕೇಳಲ್ಲ.

ಜಾಗದ ವಿಷಯದಲ್ಲೂ ಪಾಠ ಕಲಿತೆ. ಮೊದಲ ಕ್ಯಾಂಪ್ ಪಂಚಾಯಿತಿ ಆಫೀಸಿನಲ್ಲಿ, ಹನ್ನೊಂದು ಗಂಟೆಗೆ. ಬಂದವರು ಏಳು ಜನ. ಆ ಹೊತ್ತಿಗೆ ಎಲ್ಲರೂ ತೋಟದಲ್ಲಿ ಇರುತ್ತಾರೆ. ಪೋರ್ಟಲ್ ಬೇರೆ ಗಿರಗಿರ ತಿರುಗುತ್ತಾ ಕೂತಿರುತ್ತದೆ. ಎರಡನೇ ಸಲ ಹಾಲಿನ ಡೈರಿ ಜಗಲಿಯ ಮೇಲೆ, ಬೆಳಗ್ಗೆ ಆರೂವರೆಗೆ. ಹಾಲು ಹಾಕೋಕೆ ದಿನಾ ಬರುವವರು ಹೇಗೂ ಬರುತ್ತಾರೆ, ಕ್ಯಾನ್ ಹಿಡಿದು ಸಾಲಲ್ಲಿ ನಿಲ್ಲುತ್ತಾರೆ. ಡೈರಿ ಇರೋದು ದಿಬ್ಬದ ಮೇಲೆ, ನೆಟ್‌ವರ್ಕ್ ಎರಡು ಕಡ್ಡಿ ಸಿಗುತ್ತದೆ. ಆ ಹೊತ್ತಿನಲ್ಲಿ ಸರ್ವರ್ ಕೂಡ ಓಡುತ್ತದೆ. ಅತ್ತಿಗೆ ಹಿಂದಿನ ದಿನವೇ ಮನೆಗೆ ಹೋಗಿ “ನಾಳೆ ಹಾಲಿನ ಜೊತೆ ಆಧಾರ್, ರೇಷನ್ ಕಾರ್ಡ್ ತಗೊಂಬನ್ನಿ” ಅಂತ ಹೇಳಿ ಬರುತ್ತಿದ್ದಳು.

ಬೇಡ ಅಂದವರೂ ಇದ್ದರು. ಆಸ್ಪತ್ರೆ ಕಾರ್ಡ್ ಮನೆಗೆ ತಂದರೆ ಕಾಯಿಲೆ ಹಿಂದೆಯೇ ಬರುತ್ತದೆ ಅನ್ನುವ ನಂಬಿಕೆ ಕೆಲವರದು. ಅಂಥವರ ಜೊತೆ ನಾನು ವಾದ ಮಾಡಲ್ಲ. ಅವರ ಮನೆಯ ಒಬ್ಬರಿಗೆ ಮಾಡಿಕೊಟ್ಟು ಬರುತ್ತೇನೆ. ಆರು ತಿಂಗಳು ಯಾರಿಗೂ ಏನೂ ಆಗದಿದ್ದರೆ ಉಳಿದವರು ತಾವೇ ಬರುತ್ತಾರೆ.

ಎಪಿಎಲ್ ಮನೆಗಳದ್ದು ಬೇರೆಯೇ ಕಥೆ. ಬಿಳಿ ಬೋರ್ಡ್ ಕಾರು ಇದೆ ಅಂತಲೋ, ಜಮೀನು ಮಿತಿಗಿಂತ ಜಾಸ್ತಿ ಅಂತಲೋ ಬಿಪಿಎಲ್ ಹೋಗಿರುತ್ತದೆ. ಕಾರು ಅಂದರೆ ಹಳೇ ಓಮ್ನಿ, ಅದರಲ್ಲೇ ಗೊಬ್ಬರ ತರೋದು. ಎಪಿಎಲ್‌ನವರಿಗೂ ಆಯುಷ್ಮಾನ್ ಕಾರ್ಡ್ ಬರುತ್ತದೆ. ಆದರೆ ಸರ್ಕಾರ ಕೊಡೋದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರದ, ಶೇಕಡಾ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷ ಮಿತಿ. ಉಳಿದದ್ದು ಕೈಯಿಂದ. ಅವರನ್ನು ನಾನು ಯಶಸ್ವಿನಿ ಕಡೆಗೆ ಕಳಿಸುತ್ತೇನೆ. 2003ರಿಂದ ಸಹಕಾರ ಸಂಘದ ರೈತರಿಗೆ ಇದ್ದ ಆರೋಗ್ಯ ಯೋಜನೆ ಅದು. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿತ್ತು, 2022ರ ನವೆಂಬರ್‌ನಲ್ಲಿ ಮತ್ತೆ ನೋಂದಣಿ ಶುರುವಾಯಿತು. ಮತ್ತೆ ಶುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಅದರ ಮೇಲೆ ಒಬ್ಬೊಬ್ಬರಿಗೆ 100. ಪರಿಶಿಷ್ಟ ಜಾತಿ, ಪಂಗಡದವರ ಪಾಲನ್ನು ಸರ್ಕಾರವೇ ಕಟ್ಟುತ್ತದೆ. ಸೊಸೈಟಿಯಲ್ಲೋ ಹಾಲಿನ ಡೈರಿಯಲ್ಲೋ ಮೆಂಬರ್ ಆಗಿರಬೇಕು, ವರ್ಷ ವರ್ಷ ನವೀಕರಿಸಬೇಕು. ಅದನ್ನೇ ಜನ ಮರೆಯೋದು. ಸೊಸೈಟಿ ಸೆಕ್ರೆಟರಿ ಹತ್ತಿರ ಕಳೆದ ವರ್ಷದ ಪಟ್ಟಿ ಇಸಕೊಂಡು, ನವೀಕರಿಸದವರಿಗೆ ನಾನೇ ಫೋನ್ ಮಾಡುತ್ತೇನೆ. “ಹೋದ ವರ್ಷ ಐನೂರು ಕೊಟ್ಟೆ, ಏನೂ ಉಪಯೋಗ ಆಗ್ಲಿಲ್ಲ” ಅನ್ನುತ್ತಾರೆ. ಉಪಯೋಗ ಆಗದೇ ಇರೋದೇ ಒಳ್ಳೇದಲ್ವಾ ಮಾರಾಯ್ರೇ ಅಂದರೆ ನಗುತ್ತಾರೆ, ಕೆಲವರು ಕಟ್ಟುತ್ತಾರೆ, ಕೆಲವರು ಕಟ್ಟಲ್ಲ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಚೀಟಿಯ ನಾಲ್ಕನೇ ಸಾಲು ಓದಿ ಮಾಡಿದ್ದು. ಎದೆನೋವು, ಆಸ್ಪತ್ರೆ ಬಾಗಿಲಲ್ಲಿ ಇದ್ದೇವೆ, ರೆಫರಲ್ ಚೀಟಿ ಇಲ್ಲ, ವಾಪಸ್ ಹೋಗಬೇಕಾ ಅಂತ ಮಗ ಕೇಳುತ್ತಿದ್ದ. ಹೋಗಬೇಡ, ಇದು ಎಮರ್ಜೆನ್ಸಿ, ಒಳಗೆ ಹೋಗು, ಆರೋಗ್ಯ ಮಿತ್ರ ಎಲ್ಲಿ ಅಂತ ಕೇಳು ಅಂದೆ. ಅವನು ಫೋನ್ ಕಟ್ ಮಾಡದೇ ಓಡಿದ. ಚಪ್ಪಲಿ ಸದ್ದು ಕೇಳುತ್ತಿತ್ತು. ಬೆಳಗಿನ ಜಾವ ಸ್ಟೆಂಟ್ ಹಾಕಿದರು. ಈಗ ಆ ಯಜಮಾನರು ಡೈರಿಗೆ ಹಾಲು ತರುತ್ತಾರೆ, ಕ್ಯಾನ್ ಮಾತ್ರ ಮಗ ಹೊರುತ್ತಾನೆ.

ಅಜ್ಜಿಯ ಕಾರ್ಡ್ ಆಗೋಕೆ ಎರಡು ತಿಂಗಳು ಹಿಡಿಯಿತು. ಲಿಂಬೆಹಣ್ಣು ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿ, ಒರೆಸಿ, ಮತ್ತೆ ಹಚ್ಚಿ ನೋಡಿದೆವು. ಆಗಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಮುಖ ತೋರಿಸುವ ಆಪ್ಷನ್ ಹಾಕಿಕೊಂಡು ಅವರ ಮನೆಗೇ ಹೋದೆ. ಅದರಲ್ಲಿ ಕಣ್ಣು ಮಿಟುಕಿಸಬೇಕು, ಆಗಲೇ ಜೀವಂತ ಮನುಷ್ಯರು ಅಂತ ಅದಕ್ಕೆ ತಿಳಿಯೋದು. ಅಜ್ಜಿ ಕಣ್ಣು ಅಗಲಿಸಿ ಗೊಂಬೆ ಹಾಗೆ ಕೂತರು. ಮಿಟುಕಿಸಿ ಅಜ್ಜಿ ಅಂದರೂ ಇಲ್ಲ. ಫೋಟೋ ತೆಗೆಯುವಾಗ ಕಣ್ಣು ಮುಚ್ಚಬಾರದು ಅಂತ ಮದುವೆಮನೆಯಲ್ಲಿ ಎಷ್ಟು ಸಲ ಬೈಸಿಕೊಂಡಿದ್ದರೋ ಏನೋ. ನಾಲ್ಕನೇ ಸಲಕ್ಕೆ ಮೊಮ್ಮಗಳು ಹಿಂದಿನಿಂದ ಬಂದು ಚಪ್ಪಾಳೆ ತಟ್ಟಿದಳು. ಅಜ್ಜಿ ಬೆಚ್ಚಿ ಕಣ್ಣು ಮಿಟುಕಿಸಿದರು. ಹಸಿರು ಟಿಕ್ ಬಂತು.

ಮುಂದಿನ ವಾರ ಕಾರ್ಡ್ ತಗೊಂಡು ಹೋಗಿ ಕೊಟ್ಟೆ. ಅಜ್ಜಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಚೀಟಿಯನ್ನು ಮೊಮ್ಮಗಳಿಂದ ಎರಡು ಸಲ ಓದಿಸಿದರು. ಆಮೇಲೆ ಎಲೆ-ಅಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕಕ್ಕೆ ಸೇರಿಸಿ ದಾರ ಎಳೆದರು.

“ಸುಣ್ಣ ತಾಗಿದ್ರೆ ಏನೂ ಆಗಲ್ಲ ಅಲ್ವಾ?” ಅಂದರು.