ಪ್ರಾಜೆಕ್ಟ್ ಪ್ರಾಜೆಕ್ಟಿಗೂ ಅದೇ ಕೋಡ್ ಪೇಸ್ಟ್ ಮಾಡ್ತಿದ್ದೀರಾ? ಒಂದೇ ಕಡೆ ಇಡೋದು ಹೀಗೆ

ಮನೆ ಖರ್ಚಿಗೆ ಒಂದು ಪೈಥಾನ್ ಸ್ಕ್ರಿಪ್ಟು, ಚೀಟಿ ಲೆಕ್ಕಕ್ಕೆ ಇನ್ನೊಂದು, ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಬಿಲ್ಲಿಗೆ ಮತ್ತೊಂದು. ಮೂರರಲ್ಲೂ ರೂಪಾಯಿಗೆ ಕಾಮಾ ಹಾಕೋ ಫಂಕ್ಷನ್ ಇದ್ದೇ ಇರತ್ತೆ, ಯಾಕಂದ್ರೆ ಪೈಥಾನಿನ ಮಾಮೂಲಿ ಕಾಮಾ ಫಾರ್ಮ್ಯಾಟು 1,234,567 ಅಂತ ಕೊಡತ್ತೆ, ನಮಗೆ ಬೇಕಿರೋದು 12,34,567, ಹಾಗಾಗಿ ಕೊನೇ ಮೂರು ಅಂಕಿ ಬಿಟ್ಟು ಉಳಿದಿದ್ದನ್ನ ಎರಡೆರಡಾಗಿ ಕತ್ತರಿಸೋ ಐದಾರು ಸಾಲು ಬರೆದು ಎಲ್ಲಾ ಕಡೆ ಪೇಸ್ಟ್ ಮಾಡಿರ್ತೀವಿ.

ಇದರ ಬಿಸಿ ತಟ್ಟೋದು ಆಮೇಲೆ. ಸಂಖ್ಯೆಯನ್ನ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿ ಸುಮ್ಮನೆ ಕತ್ತರಿಸಿದ್ರೆ ಮೈನಸ್ 5000 ಸರಿಯಾಗೇ -5,000 ಅಂತ ಬರತ್ತೆ, ಆದ್ರೆ ಮೈನಸ್ 500 ಬಂದಾಗ -,500 ಅಂತ ಪ್ರಿಂಟಾಗತ್ತೆ. ಚೀಟಿ ಸ್ಕ್ರಿಪ್ಟಲ್ಲಿ ಇದು ಕಣ್ಣಿಗೆ ಬಿತ್ತು, ಅಲ್ಲಿ ಸರಿ ಮಾಡಿದ್ರಿ, ಉಳಿದೆರಡರಲ್ಲಿ ಹಾಗೇ ಉಳೀತು.

ಮೊದಲ ಕೆಲಸ ಹುಡುಕೋದು. ಪ್ರಾಜೆಕ್ಟ್‌ಗಳೆಲ್ಲಾ ಇರೋ ಫೋಲ್ಡರಲ್ಲಿ ಫಂಕ್ಷನ್ ಹೆಸರಿಟ್ಟು ಗ್ರೆಪ್ (ಫೈಲುಗಳ ಒಳಗೆ ಪದ ಹುಡುಕೋ ಕಮಾಂಡು) ಹೊಡೀರಿ, ಸಿಕ್ಕ ಕಾಪಿಗಳನ್ನ ಡಿಫ್ (ಫೈಲುಗಳ ನಡುವಿನ ವ್ಯತ್ಯಾಸ ತೋರಿಸೋ ಕಮಾಂಡು) ಹಾಕಿ ನೋಡಿ, ಯಾವುದರಲ್ಲಿ ಏನು ತಿದ್ದಿದ್ದೀರಿ ಅಂತ ಆಗ್ಲೇ ಗೊತ್ತಾಗೋದು. ಎರಡೇ ಕಡೆ ಇದ್ರೆ ಬಿಟ್ಟುಬಿಡಿ, ಮೂರನೇ ಸಲ ಪೇಸ್ಟ್ ಮಾಡೋಕೆ ಕೈ ಹೋದಾಗ ಹೊರಗೆ ತೆಗೆದ್ರೆ ಸಾಕು.

ಆಮೇಲೆ ಆ ಫಂಕ್ಷನ್ ಇಡೋಕೆ ಹೊಸ ಫೋಲ್ಡರ್, ಅದಕ್ಕೇ ಅಂತ ಬೇರೆ ಗಿಟ್ ರೆಪೊ (ಕೋಡಿನ ಬದಲಾವಣೆಗಳ ದಾಖಲೆ ಇಡೋ ಜಾಗ). ಒಳಗೆ ಎಸ್‌ಆರ್‌ಸಿ ಫೋಲ್ಡರ್, ಅದರೊಳಗೆ ಪ್ಯಾಕೇಜ್ ಹೆಸರಿನ ಫೋಲ್ಡರ್, ಹೊರಗೆ ಹೆಸರು ಮತ್ತು ವರ್ಷನ್ ಬರೆದ ಪೈಪ್ರಾಜೆಕ್ಟ್ ಡಾಟ್ ಟಾಮಲ್ (pyproject.toml) ಫೈಲು, ಇಷ್ಟೇ. ಫೈಲಿಗೆ ಯುಟಿಲ್ಸ್ ಅಂತ ಮಾತ್ರ ಹೆಸರಿಡ್ಬೇಡಿ, ಆ ಹೆಸರಿಟ್ಟ ಫೈಲು ಮನೆ ಅಟ್ಟ ಇದ್ದಂಗೆ, ಕಂಡಿದ್ದೆಲ್ಲಾ ಅಲ್ಲಿಗೇ ಹೋಗಿ ಬೀಳತ್ತೆ. ದುಡ್ಡಿನದಕ್ಕೆ ಒಂದು ಫೈಲು, ಎಕ್ಸೆಲಲ್ಲಿ ಕನ್ನಡ ಹೆಸರುಗಳು ಚಿತ್ರವಿಚಿತ್ರವಾಗಿ ಕಾಣದಂಗೆ ಸಿಎಸ್‌ವಿನ ಯುಟಿಎಫ್-8-ಸಿಗ್ ಎನ್‌ಕೋಡಿಂಗಲ್ಲಿ ಬರೆಯೋದಕ್ಕೆ ಇನ್ನೊಂದು.

ಈಗ ಪ್ರಾಜೆಕ್ಟಿಗೇ ಅಂತ ಬೇರೆ ಇರೋ ಪೈಥಾನ್ ಜಾಗ, ಅಂದ್ರೆ ವರ್ಚುವಲ್ ಎನ್ವಿರಾನ್‌ಮೆಂಟ್ ಆನ್ ಮಾಡಿ, ಪಿಪ್ ಇನ್‌ಸ್ಟಾಲ್ ಅಂತ (ಪಿಪ್ ಅಂದ್ರೆ ಪೈಥಾನ್ ಪ್ಯಾಕೇಜ್ ಹಾಕೋ ಕಮಾಂಡು) ಬರೆದು ಹೈಫನ್ ಇ (-e) ಹಾಕಿ ಆ ಫೋಲ್ಡರಿನ ಪಾತ್ ಕೊಡಿ. ಹೀಗೆ ಮಾಡಿದ್ರೆ ಕೋಡ್ ಕಾಪಿ ಆಗಲ್ಲ, ಲಿಂಕ್ ಅಷ್ಟೇ ಆಗೋದು, ಅಲ್ಲಿ ತಿದ್ದಿದ್ರೆ ಇಲ್ಲಿ ಮುಂದಿನ ಸಲ ರನ್ ಮಾಡಿದಾಗ ಬರತ್ತೆ. ಎನ್ವಿರಾನ್‌ಮೆಂಟ್ ಬೇರೆ ಬೇರೆ ಇದ್ರೆ ಪ್ರತಿಯೊಂದರಲ್ಲೂ ಇದನ್ನ ಮಾಡ್ಬೇಕು. ಹಳೇ ಫಂಕ್ಷನ್ ಅಳಿಸಿ ಇಂಪೋರ್ಟ್ ಹಾಕಿ, ರನ್ ಮಾಡಿ ನೋಡಿ, ಕಮಿಟ್ ಮಾಡಿ (ಗಿಟ್ಟಲ್ಲಿ ದಾಖಲಿಸಿ), ಆಮೇಲೇ ಮುಂದಿನ ಪ್ರಾಜೆಕ್ಟ್. ಎಲ್ಲಾ ಒಂದೇ ರಾತ್ರಿ ಮುಗಿಸೋಕೆ ಹೋದ್ರೆ ಯಾವುದು ಎಲ್ಲಿ ಮುರೀತು ಅಂತ ಹುಡುಕೋದೇ ಆಗತ್ತೆ.

ಒಂದು ಕಡೆ ಕೆಟ್ರೆ ಎಲ್ಲಾ ಕಡೆ ಕೆಡತ್ತಲ್ಲ ಅಂತೀರಾ? ಹೌದು, ಅದಕ್ಕೇ ಟೆಸ್ಟ್ ಬೇಕು. 0, 999, 1000, 100000, -500, ಈ ಐದಕ್ಕೆ ಅಸರ್ಟ್ (ಉತ್ತರ ಸರಿ ಇದ್ಯಾ ಅಂತ ಪರೀಕ್ಷಿಸೋ ಸಾಲು) ಬರೆದಿಟ್ರೆ ರೂಪಾಯಿ ಫಂಕ್ಷನ್ನಿಗೆ ಬಹುಪಾಲು ಸಾಕು. ಸರ್ವರಲ್ಲಿ ಓಡ್ತಿರೋ ಪ್ರಾಜೆಕ್ಟಿಗೆ ಹೈಫನ್ ಇ ಬೇಡ, ರೆಪೊಗೆ ವಿ0.1.0 ಅಂತ ಗಿಟ್ ಟ್ಯಾಗ್ (ಕೋಡಿನ ಆ ಹಂತಕ್ಕೊಂದು ಗುರುತು) ಹಾಕಿ, ರಿಕ್ವೈರ್‌ಮೆಂಟ್ಸ್ ಫೈಲಲ್ಲಿ (ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳ ಪಟ್ಟಿ) ರೆಪೊ ಅಡ್ರೆಸ್ ಕೊನೆಗೆ ಆ್ಯಟ್ ಚಿಹ್ನೆ ಹಾಕಿ ಅದೇ ಟ್ಯಾಗ್ ಬರೀರಿ, ನೀವಾಗಿ ಬದಲಾಯಿಸೋ ತನಕ ಅದು ಆ ವರ್ಷನ್ನಲ್ಲೇ ಇರತ್ತೆ.

ಕಷ್ಟ ಇರೋದು ಏನನ್ನ ಸೇರಿಸ್ಬಾರದು ಅನ್ನೋದ್ರಲ್ಲಿ. ಪಾಸ್‌ವರ್ಡು, ಎಪಿಐ ಕೀ (ಬೇರೆ ಸೇವೆ ಬಳಸೋಕೆ ಕೊಡೋ ಗುಟ್ಟಿನ ಸಂಕೇತ) ಅಂತೂ ಬೇಡವೇ ಬೇಡ. ಚೀಟಿ ಕಮಿಷನ್ ಲೆಕ್ಕ, ಮೇಂಟೆನೆನ್ಸ್ ಲೇಟ್ ಫೀ ಲೆಕ್ಕ ಎರಡೂ ಈಗ ಒಂದೇ ಥರ ಪರ್ಸೆಂಟೇಜ್ ಗುಣಾಕಾರ ಅನ್ಸಬಹುದು, ಆದ್ರೆ ನಾಳೆ ಅಸೋಸಿಯೇಷನ್ನವರು ಹತ್ತು ದಿನ ವಿನಾಯ್ತಿ ಅಂದ್ರೆ ಬದಲಾಗೋದು ಒಂದೇ ಅಲ್ವಾ, ಎರಡನ್ನೂ ಸೇರಿಸಿದ್ರೆ ಫಂಕ್ಷನ್ನಿಗೆ ಇದೊಂದು ಟ್ರೂ ಅದೊಂದು ಫಾಲ್ಸ್ ಅಂತ ಕಳಿಸ್ತಾ ಕೂರ್ಬೇಕಾಗತ್ತೆ. ಹಂಗೆ ಟ್ರೂ-ಫಾಲ್ಸ್ ಫ್ಲ್ಯಾಗುಗಳು ಜಾಸ್ತಿ ಆಗ್ತಿವೆ ಅನ್ಸಿದ್ರೆ ಧೈರ್ಯವಾಗಿ ವಾಪಸ್ ಎರಡು ಕಾಪಿ ಮಾಡಿ, ನಾಚಿಕೆ ಏನಿಲ್ಲ.

ಮುಗಿದು ತೆಪ್ಪಗೆ ಓಡ್ತಿರೋ ಹಳೇ ಪ್ರಾಜೆಕ್ಟನ್ನ ಇದಕ್ಕೋಸ್ಕರ ತೆಗೀಬೇಡಿ, ಬೇರೆ ಯಾವುದೋ ಕೆಲಸಕ್ಕೆ ತೆಗೆದಾಗ ಜೊತೆಗೇ ಬದಲಾಯಿಸಿದ್ರಾಯ್ತು.