ಸಂದೇಶ ಹೋಯಿತು, ಜನ ಬರಲಿಲ್ಲ

ಆರೋಗ್ಯ ತಪಾಸಣಾ ಶಿಬಿರಗಳನ್ನು ನಡೆಸುವ ನಮ್ಮ ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ಜನಸಂಪರ್ಕದ ಹೊಣೆ ನನ್ನ ಪಾಲಿಗೆ ಬಂದಾಗ, ಇನ್ನು ಮನೆ ಮನೆ ಸುತ್ತುವ ಕೆಲಸ ತಪ್ಪಿತೆಂದೇ ಎಣಿಸಿದ್ದೆ. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ತಲುಪಿಸುವ ವಾಟ್ಸ್‌ಆ್ಯಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು. ಹಾಜರಿ ಪುಸ್ತಕದಲ್ಲಿದ್ದ ಸಂಖ್ಯೆಗಳನ್ನೆಲ್ಲ ಅದಕ್ಕೆ ಸೇರಿಸಿ, ದಿನ, ಸಮಯ, ಸ್ಥಳಗಳಿದ್ದ ಪೋಸ್ಟರೊಂದನ್ನು ಕಳುಹಿಸಿದೆವು. ಶಿಬಿರದ ದಿನ ಮುಕ್ಕಾಲು ಪಾಲು ಕುರ್ಚಿಗಳು ಖಾಲಿ ಉಳಿದವು.

ಜನರಿಗೆ ಆಸಕ್ತಿಯಿಲ್ಲವೆಂದು ಗೊಣಗಿಕೊಂಡೇ ಆ ಸಂದೇಶದ ವಿವರವನ್ನು ತೆರೆದು ನೋಡಿದೆ. ತಲುಪಿದವರ ಪಟ್ಟಿ ಅರ್ಧದಷ್ಟೂ ಇರಲಿಲ್ಲ. ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಸಂದೇಶ ತಲುಪುತ್ತದೆ ಎಂಬ ಸಂಗತಿ ನನಗೆ ತಿಳಿದದ್ದೇ ಆಗ. ಅಂದಿನಿಂದ ನೋಂದಣಿ ಮೇಜಿನ ಬಳಿ ಕಾರ್ಯಕರ್ತರೊಬ್ಬರು ಕುಳಿತು, ಬಂದವರು ನಮ್ಮ ಸಂಖ್ಯೆಯನ್ನು ಉಳಿಸಿಕೊಂಡು, ಸಂದೇಶ ಕಳುಹಿಸಲು ಒಪ್ಪಿಗೆಯಿದೆಯೆಂದು ತಾವೇ ಒಂದು ಸಾಲು ಬರೆದು ಕಳುಹಿಸುವವರೆಗೆ ಜೊತೆಗಿರುತ್ತಾರೆ.

ಗುಂಪು ಮಾಡುವ ಯೋಚನೆಯೂ ಇತ್ತು. ಆದರೆ ಗುಂಪಿನಲ್ಲಿ ಪ್ರತಿಯೊಬ್ಬರ ಸಂಖ್ಯೆಯೂ ಉಳಿದೆಲ್ಲರಿಗೆ ಕಾಣುತ್ತದೆ. ಆರೋಗ್ಯದ ವಿಷಯದಲ್ಲಿ ಅದು ಸಲ್ಲದೆಂದು ಕೈಬಿಟ್ಟೆವು.

ಗುಂಡಿ ಫೋನ್ ಇರುವವರಿಗೆ ಎಸ್ಸೆಮ್ಮೆಸ್ಸೇ ಗತಿ. ಅಲ್ಲಿ ಇಂಗ್ಲಿಷಿನ ಒಂದು ಸಂದೇಶಕ್ಕೆ 160 ಅಕ್ಷರಗಳ ಅವಕಾಶವಿದ್ದರೆ ಕನ್ನಡಕ್ಕೆ ಸಿಗುವುದು 70 ಮಾತ್ರ, ಅದರಲ್ಲೂ ಒತ್ತು, ಗುಣಿತಗಳೆಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಯಂತ್ರದ ಲೆಕ್ಕದಲ್ಲಿ 6. ‘ಸ್ತ್ರೀ ಆರೋಗ್ಯ ತಪಾಸಣೆ’ ಎಂದು ಆರಂಭಿಸಿ ಗೌರವಪೂರ್ವಕ ಆಹ್ವಾನವನ್ನೂ ಸೇರಿಸಿದ್ದ ನಮ್ಮ ಮೊದಲ ಒಕ್ಕಣೆ ಮೂರು ಸಂದೇಶಗಳಾಗಿ ಒಡೆದು, ಖರ್ಚೂ ಮೂರು ಪಟ್ಟಾಯಿತು. ದಿನ, ಗಂಟೆ, ಜಾಗ ಇಷ್ಟನ್ನೇ ಉಳಿಸಿಕೊಂಡ ಮೇಲೆ ಅದು ಒಂದರಲ್ಲಿ ಹಿಡಿಯಿತು.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಧ್ವನಿ ಸಂದೇಶ. ಜನರಿಗೆ ಪರಿಚಯವಿರುವ ನಮ್ಮ ಹಿರಿಯ ಕಾರ್ಯಕರ್ತೆಯೊಬ್ಬರು ಅರ್ಧ ನಿಮಿಷ ಮಾತನಾಡಿ, ಕೊನೆಗೆ ‘ಬರಲು ಏನು ಅಡ್ಡಿಯಿದೆ, ಹೇಳಿ’ ಎಂದು ಕೇಳಿದ್ದರು. ಪೋಸ್ಟರಿಗೆ ಕೈಮುಗಿಯುವ ಚಿತ್ರವನ್ನಷ್ಟೇ ಕಳುಹಿಸುತ್ತಿದ್ದವರು ಈಗ ಧ್ವನಿಯಲ್ಲೇ ಉತ್ತರಿಸತೊಡಗಿದರು. ಹಿಂದೆ ಅಡುಗೆಮನೆಯ ಸದ್ದು ಕೇಳುತ್ತಿದ್ದ ಒಂದು ಉತ್ತರದಲ್ಲಿ, ‘ಹತ್ತು ಗಂಟೆಗೆ ಬಂದರೆ ನನ್ನ ಅರ್ಧ ದಿನದ ಕೂಲಿ ಹೋಗುತ್ತದೆ ಅಕ್ಕಾ’ ಎಂದಿತ್ತು. ಅದೇ ಅರ್ಥದ ಉತ್ತರಗಳು ಇನ್ನೂ ಹಲವು ಬಂದಿದ್ದವು. ನಾವು ಶಿಬಿರವನ್ನು ಸಂಜೆಗೆ ಬದಲಿಸಿ, ಬದಲಿಸಿದ್ದು ಅವರ ಮಾತಿನಿಂದಲೇ ಎಂಬುದನ್ನೂ ಅದೇ ಧ್ವನಿಯಲ್ಲಿ ತಿಳಿಸಿದೆವು. ಆ ಸಂಜೆ ಕುರ್ಚಿಗಳು ಸಾಲದೆ ಹೋದವು.

ಮಾಹಿತಿ ಸಂಗ್ರಹಕ್ಕೆ ಗೂಗಲ್ ಫಾರ್ಮ್‌ನಲ್ಲಿ 14 ಪ್ರಶ್ನೆಗಳನ್ನಿಟ್ಟಿದ್ದೆ. ಅರ್ಧಕ್ಕೇ ಬಿಟ್ಟು ಎದ್ದವರನ್ನು ಕಂಡು, ಉತ್ತರ ಸಿಕ್ಕರೂ ನಾವೇನೂ ಮಾಡಲಾಗದ ಪ್ರಶ್ನೆಗಳನ್ನೆಲ್ಲ ತೆಗೆದಾಗ ಉಳಿದದ್ದು ನಾಲ್ಕು. ನೆಟ್‌ವರ್ಕ್ ಸಿಗದ ಕಡೆ ಕೋಬೋಟೂಲ್‌ಬಾಕ್ಸ್ ಎಂಬ ಮಾಹಿತಿ ಸಂಗ್ರಹದ ತಂತ್ರಾಂಶವನ್ನು ಬಳಸುತ್ತೇವೆ. ಅದರಲ್ಲಿ ತುಂಬಿದ್ದು ಫೋನಿನಲ್ಲೇ ಉಳಿದು, ಸಂಪರ್ಕ ಸಿಕ್ಕಾಗ ರವಾನೆಯಾಗುತ್ತದೆ.

ಬಂದ ಮಾತುಗಳೆಲ್ಲ ಈಗ ಒಂದು ಸ್ಪ್ರೆಡ್‌ಶೀಟಿಗೆ ಸೇರುತ್ತವೆ. ಅದರ ಕೊನೆಯ ಕಾಲಂಗೆ ‘ಮರಳಿ ತಿಳಿಸಿದೆವೇ?’ ಎಂದು ಹೆಸರಿಟ್ಟಿದ್ದೇನೆ. ಈ ವಾರ ಅದರಲ್ಲಿ ಒಂಬತ್ತು ಚೌಕಗಳು ಖಾಲಿಯಿವೆ. ಆರು ಜನಕ್ಕೆ ಕರೆ ಮಾಡಿದರೆ ಸಾಕು, ಮೂವರ ಮನೆಗೆ ನಡೆದೇ ಹೋಗಬೇಕು.