ನಿಮ್ಮ ಬೇಡಿಕೆ ಗ್ರಾಮಸಭೆಯ ನಡಾವಳಿಗೆ ಸೇರಬೇಕಾದರೆ

ಶಾಲೆಯ ಮುಂದೆ ನಿಲ್ಲುವ ಚರಂಡಿ ನೀರಿನ ಬಗ್ಗೆ ಅರಳಿಕಟ್ಟೆಯಲ್ಲಿ ಕುಳಿತು ವರ್ಷಗಟ್ಟಲೆ ಮಾತನಾಡುವವರು ಯಾವ ಊರಿನಲ್ಲಾದರೂ ಸಿಗುತ್ತಾರೆ. ಅದೇ ವಿಷಯವನ್ನು ವಾರ್ಡ್ ಸಭೆಯಲ್ಲಿ ಬರೆದುಕೊಟ್ಟು, ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗುವವರೆಗೆ ಜಾಗ ಬಿಟ್ಟು ಏಳದೆ ಕುಳಿತವರು ಮಾತ್ರ ವಿರಳ. ಊರಿಗಾಗಿ ಏನಾದರೂ ಮಾಡಬೇಕೆಂದು ಹೊರಟ ಯುವಕ ಸಂಘವಾಗಲಿ, ಸ್ತ್ರೀಶಕ್ತಿ ಗುಂಪಾಗಲಿ ತನ್ನ ಶಕ್ತಿಯನ್ನು ಮೊದಲು ವಿನಿಯೋಗಿಸಬೇಕಾದದ್ದು ಇಲ್ಲಿಯೇ. ಭಾನುವಾರ ಪೊರಕೆ ಹಿಡಿದು ಬೀದಿ ಗುಡಿಸುವ ಶ್ರಮದಾನ ಒಳ್ಳೆಯದೇ. ಆದರೆ ಅದರ ಜೊತೆಗೆ ಲಿಖಿತ ಬೇಡಿಕೆಯೊಂದು ಇಲ್ಲದೆ ಹೋದರೆ, ಪಂಚಾಯಿತಿ ತನ್ನ ಕರ್ತವ್ಯವನ್ನು ನಿಧಾನವಾಗಿ ಸ್ವಯಂಸೇವಕರ ಹೆಗಲಿಗೆ ದಾಟಿಸಿ ನಿಶ್ಚಿಂತವಾಗಿಬಿಡುತ್ತದೆ.

ಮೊದಲಿಗೆ, ನಿಮ್ಮ ಹಕ್ಕು ಎಲ್ಲಿಂದ ಬಂದಿದೆ ಎಂಬುದು ತಿಳಿದಿರಲಿ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ, ಜನರು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ, ಇಂದಿನ ಗ್ರಾಮ ಪಂಚಾಯಿತಿಗೆ ಮುಂಚಿನ ಮಂಡಲ ಪಂಚಾಯಿತಿ ವ್ಯವಸ್ಥೆಗೆ 1987ರಲ್ಲಿ ಚುನಾವಣೆ ನಡೆಯಿತು. ಅದಾದ ಮೇಲೆ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಅದೇ ವರ್ಷ ಕರ್ನಾಟಕ ತನ್ನ ಈಗಿನ ಪಂಚಾಯತ್ ರಾಜ್ ಅಧಿನಿಯಮವನ್ನು ಮಾಡಿಕೊಂಡಿತು. ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಬೆಂಗಳೂರಿನಲ್ಲಿ ದುಡಿಯುತ್ತಾ ಮತವನ್ನು ಊರಿನಲ್ಲಿಯೇ ಉಳಿಸಿಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಚುನಾಯಿತ ಪಂಚಾಯಿತಿಗೆ ಐದು ವರ್ಷಗಳ ಅವಧಿ ಉಂಟು, ಗ್ರಾಮಸಭೆಗೆ ಅಂಥ ಅವಧಿಯಿಲ್ಲ.

ತಂಡ ಮತ್ತು ಪಟ್ಟಿ

ಐದಾರು ಜನರ ತಂಡ ಸಾಕು, ಆದರೆ ಅವರೆಲ್ಲರೂ ಒಂದೇ ಬೀದಿಯವರಾಗಿರಬಾರದು. ದಲಿತ ಕೇರಿಯಿಂದ, ತೋಟದ ಮನೆಗಳಿಂದ, ಕೂಲಿಗೆ ಹೋಗುವ ಹೆಂಗಸರ ನಡುವಿನಿಂದ ಒಬ್ಬೊಬ್ಬರಾದರೂ ಇರಲಿ. ಸಮಾಲೋಚನೆಯನ್ನು ದೇವಸ್ಥಾನದ ಜಗಲಿಯಲ್ಲಿ ಇಟ್ಟುಕೊಂಡರೆ ಯಾರು ಬರುವುದಿಲ್ಲ ಎಂಬುದು ಊರಿನವರಿಗೆಲ್ಲ ಗೊತ್ತಿರುವ ಸಂಗತಿ. ಆದ್ದರಿಂದ ಅಂಗನವಾಡಿಯ ಅಂಗಳ, ಪಂಚಾಯಿತಿ ಗ್ರಂಥಾಲಯ ಇಂಥ ಕಡೆ ಸೇರುವುದು ಲೇಸು. ಹಗಲಿನ ಸಭೆಗೆ ಬಂದರೆ ದಿನಗೂಲಿ ಕೈತಪ್ಪುತ್ತದೆಯಾದ್ದರಿಂದ ಸಂಜೆಯ ಹೊತ್ತನ್ನು ಆರಿಸಿಕೊಳ್ಳಿ.

ಬಳಿಕ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ‘ನೀರಿನ ಸಮಸ್ಯೆ ಇದೆ’ ಎಂದು ಬರೆದರೆ ಅದು ದೂರಾಗುತ್ತದೆಯೇ ಹೊರತು ಬೇಡಿಕೆಯಾಗುವುದಿಲ್ಲ. ಯಾವ ಬೀದಿ, ಎಷ್ಟು ಮನೆ, ಎಷ್ಟು ದಿನಕ್ಕೊಮ್ಮೆ ನೀರು, ಪೈಪು ಒಡೆದಿರುವುದು ಯಾರ ಮನೆಯ ಮುಂದೆ, ಹಿಂದೆ ಯಾವಾಗ ದುರಸ್ತಿಯಾಗಿತ್ತು ಎಂಬ ವಿವರಗಳ ಜೊತೆಗೆ ಕೈಯಲ್ಲಿ ಬರೆದ ಒಂದು ನಕ್ಷೆ, ಎರಡು ಛಾಯಾಚಿತ್ರಗಳಿದ್ದರೆ ಎಂಜಿನಿಯರ್ ಅಂದಾಜು ಪಟ್ಟಿ ತಯಾರಿಸುವುದು ಸುಲಭವಾಗುತ್ತದೆ. ಇಪ್ಪತ್ತು ಬೇಡಿಕೆಗಳ ಪಟ್ಟಿ ಕೊಟ್ಟರೆ ಯಾವುದನ್ನು ಕೈಗೆತ್ತಿಕೊಳ್ಳಬೇಕೆಂಬ ಆಯ್ಕೆಯನ್ನು ಪಂಚಾಯಿತಿಗೇ ಬಿಟ್ಟಂತಾಗುತ್ತದೆ. ಮೂರನ್ನು ಆದ್ಯತೆಯ ಕ್ರಮದಲ್ಲಿ ಕೊಡುವುದು ಜಾಣತನ.

ವಾರ್ಡ್ ಸಭೆ

ಬಹಳ ಮಂದಿ ಎಡವುವುದು ಈ ಹಂತದಲ್ಲಿ. ನೇರವಾಗಿ ಗ್ರಾಮಸಭೆಗೆ ಹೋಗಿ ಧ್ವನಿ ಎತ್ತಿದರಾಯಿತು ಎಂದು ಭಾವಿಸುತ್ತಾರೆ. ಆದರೆ ಗ್ರಾಮಸಭೆ ಮುಖ್ಯವಾಗಿ ಮಾಡುವುದು ವಾರ್ಡ್ ಸಭೆಗಳಿಂದ ಬಂದ ಬೇಡಿಕೆಗಳನ್ನು ಒಟ್ಟುಗೂಡಿಸಿ ಆದ್ಯತೆ ನಿಗದಿಪಡಿಸುವ ಕೆಲಸವನ್ನು. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು, ವಾರ್ಡಿನ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ ಇರಬೇಕು, ಹಾಜರಾದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು. ಅಂದರೆ ನಿಮ್ಮ ತಂಡವೇ 20 ಜನರನ್ನು ಕರೆತಂದರೆ ಸಭೆ ಕೋರಂ ಇಲ್ಲದೆ ಮುಂದೂಡಲ್ಪಡುವ ಪ್ರಸಂಗವೇ ಬರುವುದಿಲ್ಲ. ಮುಂದಿನ ಹಣಕಾಸು ವರ್ಷದ ಯೋಜನೆಗೆ ಬೇಡಿಕೆ ಸಂಗ್ರಹಿಸುವ ಕೆಲಸ ಸಾಮಾನ್ಯವಾಗಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಆರಂಭವಾಗುವುದರಿಂದ, ಸೆಪ್ಟೆಂಬರ್‌ನಲ್ಲಿಯೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು, ಅಂದರೆ ಪಿಡಿಒ ಅವರನ್ನು ಭೇಟಿಯಾಗಿ ದಿನಾಂಕ ಕೇಳಿಕೊಳ್ಳಿ. ಸಭೆಯನ್ನೇ ಕರೆಯದಿದ್ದರೆ, ಶೇ 10ರಷ್ಟು ಮತದಾರರು ಸಹಿ ಹಾಕಿ, ಚರ್ಚಿಸಬೇಕಾದ ವಿಷಯವನ್ನು ನಮೂದಿಸಿ ವಿಶೇಷ ಸಭೆಗೆ ಲಿಖಿತವಾಗಿ ಕೋರಲು ಕಾಯ್ದೆಯಲ್ಲಿಯೇ ಅವಕಾಶವಿದೆ.

ಬೇಡಿಕೆ ಪತ್ರದ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಮತ್ತು ಮೊಹರಿನೊಂದಿಗೆ ಸ್ವೀಕೃತಿ ಪಡೆಯಿರಿ.

ಗ್ರಾಮಸಭೆಯ ದಿನ

ಗ್ರಾಮಸಭೆಗೆ ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು ಕೋರಂ. ಅಧ್ಯಕ್ಷರು ಸಭೆ ನಡೆಸುತ್ತಾರೆ, ಸಭೆಯ ಮೇಲುಸ್ತುವಾರಿಗೆ ನೇಮಕವಾದ ನೋಡಲ್ ಅಧಿಕಾರಿಯೊಬ್ಬರು ಹಾಜರಿರುತ್ತಾರೆ, ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಯ ಹೊತ್ತಿಗೆ ಸಾಮಾನ್ಯವಾಗಿ ಗದ್ದಲ ಏಳುತ್ತದೆ. ಆ ಗದ್ದಲದಲ್ಲಿ ನಿಮ್ಮ ವಿಷಯ ಮುಳುಗದಂತೆ ನೋಡಿಕೊಳ್ಳಲು ತಂಡದೊಳಗೆ ಕೆಲಸ ಹಂಚಿಕೊಳ್ಳಬೇಕು: ಒಬ್ಬರು ಎರಡು ನಿಮಿಷ ಮೀರದಂತೆ ವಿಷಯ ಮಂಡಿಸಲಿ, ಬೇರೆ ಬೀದಿಯವರೊಬ್ಬರು ಅನುಮೋದಿಸಲಿ, ಮತ್ತೊಬ್ಬರು ನಡಾವಳಿ ಬರೆಯುವವರ ಪಕ್ಕದಲ್ಲಿಯೇ ಕುಳಿತಿರಲಿ. ಮೂರನೆಯವರ ಪಾತ್ರವೇ ಎಲ್ಲಕ್ಕಿಂತ ದೊಡ್ಡದು. ‘ಸಾರ್ವಜನಿಕರು ಚರಂಡಿ ಬಗ್ಗೆ ಚರ್ಚಿಸಿದರು’ ಎಂಬ ವಾಕ್ಯಕ್ಕೂ ‘ಇಂಥ ಶಾಲೆಯಿಂದ ಇಂಥ ಮೋರಿಯವರೆಗೆ ಚರಂಡಿ ನಿರ್ಮಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ವಾಕ್ಯಕ್ಕೂ ಅಜಗಜಾಂತರವಿದೆ. ಸಭೆ ಮುಗಿಯುವ ಮುನ್ನ ನಡಾವಳಿಯನ್ನು ಗಟ್ಟಿಯಾಗಿ ಓದಿಸುವಂತೆ ಕೇಳಿ, ಓದಿದ ಮೇಲೆಯೇ ಸಹಿ ಮಾಡಿ. ಬರುತ್ತಿದ್ದಂತೆಯೇ ಖಾಲಿ ಹಾಳೆಯ ಮೇಲೆ ಹಾಜರಿ ಸಹಿ ಪಡೆಯುವ ರೂಢಿ ಕೆಲವು ಕಡೆ ಇದೆ. ಹಾಳೆಯ ತಲೆಯ ಮೇಲೆ ದಿನಾಂಕ, ಸಭೆಯ ಹೆಸರು ಬರೆಯದೆ ಹೆಬ್ಬೆಟ್ಟನ್ನೂ ಒತ್ತಬಾರದು.

ಇಲ್ಲಿ ಪಕ್ಷದ ಪ್ರಶ್ನೆ ಬಂದೇ ಬರುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲವಾದರೂ ಯಾವ ಸದಸ್ಯರು ಯಾರ ಕಡೆಯವರು ಎಂಬುದು ಊರಿಗೆಲ್ಲ ತಿಳಿದಿರುತ್ತದೆ. ಬೇಡಿಕೆ ಪತ್ರದ ಮೇಲೆ ಎರಡೂ ಬಣದವರ ಸಹಿ ಇದ್ದರೆ ಅದನ್ನು ‘ವಿರೋಧಿಗಳ ಕಿತಾಪತಿ’ ಎಂದು ತಳ್ಳಿಹಾಕಲು ಬರುವುದಿಲ್ಲ. ಹಾಗೆಂದು ‘ನಮಗೆ ರಾಜಕೀಯ ಬೇಡ’ ಎಂದು ಸಂಕೋಚಪಡುವ ಅಗತ್ಯವೂ ಇಲ್ಲ. ಸಾರ್ವಜನಿಕ ಹಣ ಎಲ್ಲಿಗೆ ಹೋಗಬೇಕೆಂದು ಕೇಳುವುದು ರಾಜಕೀಯವೇ, ಅದೂ ಒಳ್ಳೆಯ ರಾಜಕೀಯ.

ಸಭೆಯ ನಂತರ

ಒಂದು ವಾರ ಬಿಟ್ಟು ನಡಾವಳಿಯ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. ಕೊಡಲು ಹಿಂದೇಟು ಹಾಕಿದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರಬಾರದು. 30 ದಿನಗಳೊಳಗೆ ಉತ್ತರ ಬರಬೇಕು, ಬಾರದಿದ್ದರೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು. ನಂತರ ನಿಮ್ಮ ಬೇಡಿಕೆ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿದೆಯೇ ಎಂದು ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ನೋಡಿ. ಸೇರದಿದ್ದರೆ ಕಾರಣ ಕೇಳಿ ಪತ್ರ ಬರೆದು, ಹಿಂಬರಹವನ್ನು, ಅಂದರೆ ಕಚೇರಿಯ ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ. ಅನುದಾನವಿಲ್ಲ ಎಂಬ ಉತ್ತರ ಕೆಲವೊಮ್ಮೆ ನಿಜವೇ ಆಗಿರುತ್ತದೆ. ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿರುವುದರಿಂದ ಚರಂಡಿಗೆ ದೊರೆಯುವ ಹಣ ಸಮುದಾಯ ಭವನಕ್ಕೆ ದೊರೆಯದಿರಬಹುದು. ಪಿಡಿಒ ಹಂತದಲ್ಲಿ ದಾರಿ ಕಾಣದಿದ್ದರೆ ಮುಂದಿನದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ, ಆಮೇಲೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ. ಪ್ರತಿ ಪತ್ರದೊಂದಿಗೆ ಗ್ರಾಮಸಭೆಯ ಠರಾವಿನ, ಅಂದರೆ ತೀರ್ಮಾನದ ಪ್ರತಿ ಲಗತ್ತಿಸಿರಬೇಕು.

ಕಾಮಗಾರಿ ಆರಂಭವಾದ ಮೇಲೆ ಅಂದಾಜು ಪಟ್ಟಿಯ ಪ್ರತಿ ಹಿಡಿದು ಚರಂಡಿಯ ಉದ್ದ, ಆಳ, ಕಾಂಕ್ರೀಟಿನ ದಪ್ಪವನ್ನು ಟೇಪು ಹಿಡಿದು ಅಳೆದುಕೊಳ್ಳಿ. ಗುತ್ತಿಗೆದಾರರ ಜೊತೆ ವಾಗ್ವಾದಕ್ಕಿಳಿಯದೆ ವ್ಯತ್ಯಾಸವನ್ನು ಎಂಜಿನಿಯರ್‌ಗೆ ಬರೆದು ತಿಳಿಸಿ. ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕವನ್ನೂ ಕಾಮಗಾರಿಗಳನ್ನೂ ಜನರ ಎದುರಿಗೇ ಪರಿಶೀಲಿಸುವ ಜಮಾಬಂದಿಯ ದಿನ ಈ ಅಳತೆಗಳು ಉಪಯೋಗಕ್ಕೆ ಬರುತ್ತವೆ. ಆರು ತಿಂಗಳ ನಂತರದ ವಾರ್ಡ್ ಸಭೆಯಲ್ಲಿ ಹೊಸ ಬೇಡಿಕೆ ಮಂಡಿಸುವ ಮುನ್ನ, ಹಿಂದಿನ ಸಭೆಯ ತೀರ್ಮಾನಗಳ ಅನುಪಾಲನಾ ವರದಿಯನ್ನು, ಅಂದರೆ ಯಾವುದು ಜಾರಿಯಾಯಿತು, ಯಾವುದು ಆಗಲಿಲ್ಲ ಎಂಬ ವಿವರವನ್ನು ಮೊದಲ ವಿಷಯವಾಗಿ ಓದಬೇಕೆಂದು ಒತ್ತಾಯಿಸಿ.